ಆತ್ಮವಿಚಾರಕ್ಕೆ ನನಗೆ ಯೋಗ್ಯತೆ ಇದೆಯಾ? ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ಪೊನ್ನಂಪೇಟೆ, ಸೋಮವಾರಪೇಟೆ ಕಡೆಯ ಓದುಕೂಟಗಳಲ್ಲಿ, ಬಂದ ಕಾಗದಗಳಲ್ಲಿ, ಮದುವೆಮನೆಯ ಊಟದ ಸಾಲಿನಲ್ಲೂ ಕೇಳಿಬರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರು ಮಾಡುವವರಿಗೆ

ಆತ್ಮವಿಚಾರ ಅಂದರೆ ಕಣ್ಣು ಮುಚ್ಚಿ "ನಾನು ಯಾರು, ನಾನು ಯಾರು" ಅಂತ ಹೇಳಿಕೊಳ್ಳುವುದಾ?

ಅಲ್ಲ. ಹಾಗೆ ಹೇಳಿಕೊಂಡರೆ ಅದು ಜಪ. ಜಪದಿಂದ ಕೆಡುಕೇನೂ ಇಲ್ಲ, ಆದರೆ ವಿಚಾರ ಬೇರೆ.

ಶಂಕರಾಚಾರ್ಯರ ಪರಂಪರೆಯಲ್ಲಿ ವಿಚಾರವೆಂದರೆ ಉಪನಿಷತ್ತಿನ ಮಾತನ್ನು ಗುರುವಿನಿಂದ ಕೇಳುವುದು, ಸಂದೇಹ ತೀರುವವರೆಗೆ ತರ್ಕಿಸುವುದು, ತಿಳಿದದ್ದರಲ್ಲಿ ಮನಸ್ಸನ್ನು ನಿಲ್ಲಿಸುವುದು. ಶ್ರವಣ, ಮನನ, ನಿದಿಧ್ಯಾಸನ ಎನ್ನುವುದು ಇದನ್ನೇ. ರಮಣ ಮಹರ್ಷಿಗಳು ತೋರಿಸಿದ ದಾರಿ ಇನ್ನೂ ನೇರ. ಒಂದು ಯೋಚನೆ ಬಂತು, ಅದು ಯಾರಿಗೆ ಬಂತು? ನನಗೆ. ಆ 'ನಾನು' ಎಲ್ಲಿಂದ ಏಳುತ್ತದೆ ಎಂದು ಗಮನವನ್ನು ಅತ್ತ ತಿರುಗಿಸುವುದು. 1896ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಮಧುರೈನ ಮನೆಯಲ್ಲಿ ಸಾವಿನ ಭಯ ಆವರಿಸಿದಾಗ ಅವರು ಮಾಡಿದ್ದು ಇದನ್ನೇ. ಆರು ವರ್ಷಗಳೊಳಗೆ ತಿರುವಣ್ಣಾಮಲೆಯಲ್ಲಿ ಶಿವಪ್ರಕಾಶಂ ಪಿಳ್ಳೈ ಎಂಬವರ ಪ್ರಶ್ನೆಗಳಿಗೆ ಅವರು ಬಾಯಿ ಬಿಡದೆ ಬರೆದು ಕೊಟ್ಟ ಉತ್ತರಗಳೇ ಮುಂದೆ 'ನಾನ್ ಯಾರ್' ಎಂಬ ಕಿರುಹೊತ್ತಿಗೆಯಾದವು.

ನನ್ನನ್ನು ನಾನು ನೋಡಿಕೊಳ್ಳೋದಕ್ಕೆ ಯಾವ ಯೋಗ್ಯತೆ? ಯಾರ ಪರವಾನಗಿ ಬೇಕು?

ಪರವಾನಗಿ ಯಾರದೂ ಬೇಡ. ತಯಾರಿ ಬೇಕು. ದುಷ್ಟ ನಡತೆಯಿಂದ ಹಿಂದೆ ಸರಿಯದವನು, ಶಾಂತನಲ್ಲದವನು, ಮನಸ್ಸು ಒಂದೆಡೆ ನಿಲ್ಲದವನು ಬರೀ ಬುದ್ಧಿಯ ಬಲದಿಂದ ಇದನ್ನು ಪಡೆಯಲಾರ ಎಂದು ಕಠೋಪನಿಷತ್ತು ಖಂಡಿತವಾಗಿ ಹೇಳುತ್ತದೆ. ವೇದಾಂತದ ಮೂಲಗ್ರಂಥಗಳಲ್ಲೊಂದಾದ ಬ್ರಹ್ಮಸೂತ್ರದ ಮೊದಲ ಸೂತ್ರದ ಭಾಷ್ಯದಲ್ಲೇ ಶಂಕರರು ನಾಲ್ಕು ಸಾಧನಗಳನ್ನು ಹೆಸರಿಸಿ, ಇವು ಇದ್ದರೆ ಮಾತ್ರ ಬ್ರಹ್ಮಜಿಜ್ಞಾಸೆ, ಎಂದರೆ ಬ್ರಹ್ಮವನ್ನು ತಿಳಿಯುವ ವಿಚಾರ, ಸಾಧ್ಯ ಎನ್ನುತ್ತಾರೆ.

ಕಾಫಿ ಬೆಳೆಯುವವರಿಗೆ ಇದನ್ನು ವಿವರಿಸುವುದು ಸುಲಭ. ಮೊಗ್ಗು ಬಲಿತು, ಗಿಡ ಒಣಹವೆಗೆ ಬಾಡಿ ನಿಂತಿರುವಾಗ ಹೂಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಅದೇ ಮಳೆ ಮೊಗ್ಗು ಬಲಿಯುವ ಮೊದಲೇ ಸುರಿದರೆ ಅಲ್ಲೊಂದು ಇಲ್ಲೊಂದು ಅರಳಿ ಫಸಲು ಕೆಡುತ್ತದೆ. ಉಪದೇಶ ಎಲ್ಲರ ಮೇಲೂ ಒಂದೇ ರೀತಿ ಬೀಳುತ್ತದೆ.

ಆ ನಾಲ್ಕು ಸಾಧನ ಯಾವುವು? ಹೆಸರು ಕೇಳಿದರೇ ಭಯವಾಗುತ್ತದೆ, ನಮಗೆ ತಿಳಿಯುವ ಹಾಗೆ ಹೇಳಿ.

ವಿವೇಕ, ವೈರಾಗ್ಯ, ಆರು ಗುಣಗಳ ಒಂದು ಗುಂಪು, ಮುಮುಕ್ಷುತ್ವ.

ವಿವೇಕವೆಂದರೆ ಉಳಿಯುವುದು ಯಾವುದು, ಅಳಿಯುವುದು ಯಾವುದು ಎಂಬ ವಿಂಗಡಣೆ. ತೋಟ ಅಪ್ಪನ ಹೆಸರಿನಲ್ಲಿತ್ತು, ಈಗ ನನ್ನ ಹೆಸರಿಗೆ ಬಂತು, ನಾಳೆ ಇನ್ಯಾರದೋ. ಇದು ಆರ್‌ಟಿಸಿ ನೋಡುವ ಎಲ್ಲರಿಗೂ ಗೊತ್ತು. ಎದೆಗೆ ಇಳಿದರೆ ವಿವೇಕ. ವೈರಾಗ್ಯವೆಂದರೆ ಇಲ್ಲಿನ ಸುಖ, ಪರಲೋಕದ ಸುಖ ಎರಡರ ಮೇಲೂ ಹಂಬಲ ಸಡಿಲುವುದು. ಸ್ವರ್ಗವನ್ನೂ ಸೇರಿಸಿದ್ದಾರೆ, ನೆನಪಿರಲಿ; ಪುಣ್ಯದ ಲೆಕ್ಕ ಇಡುವವರಿಗೆ ಇದು ಕಷ್ಟದ ಮಾತು.

ಆರು ಗುಣಗಳು ಹೀಗೆ: ಮನಸ್ಸಿನ ಹಿಡಿತ ಶಮ, ಇಂದ್ರಿಯಗಳ ಹಿಡಿತ ದಮ, ಹೊರಗಿನ ಓಡಾಟದಿಂದ ಹಿಂದೆ ಸರಿಯುವುದು ಉಪರತಿ, ಚಳಿ ಮಳೆ ಮಾನ ಅವಮಾನ ತಡೆದುಕೊಳ್ಳುವುದು ತಿತಿಕ್ಷೆ, ಗುರುವಿನ ಮತ್ತು ಶಾಸ್ತ್ರದ ಮಾತಿನಲ್ಲಿ ನೆಚ್ಚಿಕೆ ಶ್ರದ್ಧೆ, ಮನಸ್ಸು ಒಂದೆಡೆ ನೆಲೆಯಾಗುವುದು ಸಮಾಧಾನ. ಇವುಗಳಲ್ಲಿ ಐದು ಬೃಹದಾರಣ್ಯಕ ಉಪನಿಷತ್ತಿನಲ್ಲಿ ಒಂದೇ ವಾಕ್ಯದಲ್ಲಿ ಬರುತ್ತವೆ. ಮುಮುಕ್ಷುತ್ವವೆಂದರೆ ಬಿಡುಗಡೆ ಬೇಕೇಬೇಕು ಎಂಬ ಹಂಬಲ. ನಾಲ್ಕೂ ಪೂರ್ತಿ ಇರುವವರನ್ನು ಹುಡುಕಿ ಹೊರಟರೆ ಜಿಲ್ಲೆ ದಾಟಬೇಕಾದೀತು. ಒಂದಿಷ್ಟು ಇದ್ದರೆ ಕೆಲಸ ಶುರುವಾಗುತ್ತದೆ.

ನಾವು ಕೊಡವರು. ಹಬ್ಬಕ್ಕೆ ಹಂದಿ ಮಾಂಸ ಆಗಬೇಕು, ಮದ್ಯವೂ ಇದೆ. ಇದನ್ನೆಲ್ಲ ಬಿಟ್ಟ ಮೇಲೆಯೇ ಬರಬೇಕಾ?

ಬಹುಶಃ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು, ಹೆಚ್ಚಾಗಿ ತಗ್ಗಿದ ದನಿಯಲ್ಲಿ ಕೇಳಿದ್ದು. ತಗ್ಗಬೇಕಾಗಿಲ್ಲ.

ಶಂಕರರ ನಾಲ್ಕು ಸಾಧನಗಳಲ್ಲಿ ಊಟದ ಪಟ್ಟಿ ಇಲ್ಲ. ಆಹಾರ ಶುದ್ಧವಾದರೆ ಮನಸ್ಸು ಶುದ್ಧವಾಗುತ್ತದೆ ಎಂಬ ಛಾಂದೋಗ್ಯ ಉಪನಿಷತ್ತಿನ ಮಾತನ್ನು ರಾಮಾನುಜರು ತಟ್ಟೆಯ ಅನ್ನಕ್ಕೆ ಅನ್ವಯಿಸಿದರು. ಶಂಕರರು ಕಣ್ಣು ಕಿವಿಗಳಿಂದ ಒಳಗೆ ಬರುವ ಎಲ್ಲಕ್ಕೂ ಅನ್ವಯಿಸಿದರು. ಮಹಾಭಾರತದ ವನಪರ್ವದಲ್ಲಿ ಕೌಶಿಕನೆಂಬ ಬ್ರಾಹ್ಮಣ ಧರ್ಮದ ಪಾಠ ಕಲಿತದ್ದು ಮಿಥಿಲೆಯ ಮಾಂಸದಂಗಡಿಯ ಧರ್ಮವ್ಯಾಧನಿಂದ. ಇನ್ನೊಂದು ಪಕ್ಕವನ್ನು ಮುಚ್ಚಿಡಲಾಗದು: ನಿಯಮಗಳಲ್ಲೆಲ್ಲ ಮಿತವಾದ ಸಾತ್ತ್ವಿಕ ಆಹಾರವೇ ಮೇಲು ಎಂದು ರಮಣರು ಹೇಳಿದ್ದಾರೆ. ಹಾಗಾಗಿ ಪಂದಿಕರಿ ನಿಮ್ಮನ್ನು ಬಾಗಿಲಲ್ಲೇ ತಡೆಯುವುದಿಲ್ಲ. ಒಳಗೆ ಬಂದಮೇಲೆ ಊಟ ತಾನಾಗಿ ಹಗುರಾದರೆ ಆಗಲಿ.

ಮದ್ಯದ ಮಾತು ಬೇರೆ. ಇಲ್ಲಿ ಶಾಸ್ತ್ರದವರೆಗೆ ಹೋಗುವುದೂ ಬೇಡ. ಗಮನವೇ ಸಲಕರಣೆಯಾಗಿರುವ ಕೆಲಸಕ್ಕೆ ಗಮನವನ್ನು ಮಂಕು ಮಾಡುವ ವಸ್ತು ಒದಗುವುದಿಲ್ಲ. ದಿನಾ ಸಂಜೆ ಬೇಕೇಬೇಕು ಎನ್ನುವ ಸ್ಥಿತಿ ಇದ್ದರೆ ಮೊದಲು ನೋಡಬೇಕಾದದ್ದು ಅದನ್ನೇ.

ನಮ್ಮಲ್ಲಿ ಉಪನಯನ ಇಲ್ಲ, ಮೇಲಾಗಿ ನಾನು ಹೆಂಗಸು. ವೇದಾಂತಕ್ಕೆ ನನಗೆ ಅಧಿಕಾರ ಇಲ್ಲ ಅಂತ ಒಬ್ಬರು ಹೇಳಿದರು.

ಹೇಳಿದವರು ಗಾಳಿಯಲ್ಲಿ ಹೇಳಿಲ್ಲ. ಬ್ರಹ್ಮಸೂತ್ರದ ಮೊದಲ ಅಧ್ಯಾಯದಲ್ಲಿ ಅಪಶೂದ್ರಾಧಿಕರಣ ಎಂಬ ಭಾಗವಿದೆ. ಉಪನಯನವಿಲ್ಲದವರಿಗೆ ವೇದಾಧ್ಯಯನವಿಲ್ಲ ಎಂದು ಶಂಕರರ ಭಾಷ್ಯವೂ ಅಲ್ಲಿ ಒಪ್ಪುತ್ತದೆ. ಇದನ್ನು ಮರೆಮಾಚಿ ಸಿಹಿಮಾತು ಆಡುವುದು ಸರಿಯಲ್ಲ. ಆದರೆ ಅದೇ ಭಾಷ್ಯ, ವಿದುರನಂಥವರಿಗೆ ಜ್ಞಾನ ಬಂದದ್ದನ್ನು ಯಾರೂ ತಡೆಯಲಾಗದು, ಇತಿಹಾಸ ಪುರಾಣಗಳ ಮೂಲಕ ನಾಲ್ಕು ವರ್ಣಗಳಿಗೂ ದಾರಿ ಇದೆ ಎಂದೂ ಹೇಳುತ್ತದೆ. ಜನಕನ ಸಭೆಯಲ್ಲಿ ಯಾಜ್ಞವಲ್ಕ್ಯ ಋಷಿಯನ್ನು ಎರಡು ಸಲ ಎದುರಿಸಿ ಪ್ರಶ್ನೆ ಹಾಕಿದ ಗಾರ್ಗಿ ಹೆಂಗಸು. ರಮಣರಂತೂ ಜಾತಿ, ಲಿಂಗ, ಮತ ಯಾವುದನ್ನೂ ಕೇಳಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಅಧಿಕರಣದ ಆ ನಿರ್ಬಂಧ ವೇದಪಾಠದ ಅಂದಿನ ಸಾಮಾಜಿಕ ಕಟ್ಟಳೆಗೆ ಸೇರಿದ್ದು. ವಿವೇಕ ವೈರಾಗ್ಯಗಳ ಪಟ್ಟಿಯಲ್ಲಿ ಜನಿವಾರ ಇಲ್ಲ.

ಸಂಸ್ಕೃತ ಬರುವುದಿಲ್ಲ. ಸಾಧ್ಯವಾ?

ಸಾಧ್ಯ. ಹದಿನೈದನೆಯ ಶತಮಾನದ ನಿಜಗುಣ ಶಿವಯೋಗಿಗಳು ಇಡೀ ವೇದಾಂತವನ್ನು ಕನ್ನಡದಲ್ಲೇ ಹೇಳಿದ್ದಾರೆ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿಗಳು ಶಂಕರ ಭಾಷ್ಯಗಳನ್ನು ಕನ್ನಡಕ್ಕೆ ತಂದಿದ್ದಾರೆ. ಭಾಷೆ ನೆಪವಾಗುವ ಕಾಲ ಹೋಯಿತು.

## ನಡುದಾರಿಯ ಗೊಂದಲಗಳು

2018ರ ಮಳೆಯಲ್ಲಿ ಬರೆ (ಗುಡ್ಡದ ಇಳಿಜಾರು) ಜರಿದು ಮನೆ, ತೋಟ ಎರಡೂ ಹೋದವು. ಅಂದಿನಿಂದ ಯಾವುದರಲ್ಲೂ ಆಸೆ ಇಲ್ಲ. ಇದೇ ವೈರಾಗ್ಯವಾ?

ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆಯ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಇದೆ. ಅವಸರದಲ್ಲಿ ಹೌದು ಎನ್ನಬಾರದು.

ಮುಂಡಕೋಪನಿಷತ್ತು ವೈರಾಗ್ಯದ ಹುಟ್ಟನ್ನು ಹೇಳುವಾಗ, ಕರ್ಮದಿಂದ ಸಂಪಾದಿಸಿದ ಲೋಕಗಳನ್ನು ಪರೀಕ್ಷಿಸಿ ನೋಡಿದವನಿಗೆ ಅದು ಬರುತ್ತದೆ ಎನ್ನುತ್ತದೆ. ಪರೀಕ್ಷಿಸಿ ಬಿಡುವುದು ಒಂದು, ಕಿತ್ತುಕೊಂಡು ಹೋದದ್ದಕ್ಕೆ ಮರಗಟ್ಟುವುದು ಇನ್ನೊಂದು. ವೈರಾಗ್ಯ ಇರುವವರು ಸರಿಯಾಗಿ ಉಣ್ಣುತ್ತಾರೆ, ನಿದ್ದೆ ಮಾಡುತ್ತಾರೆ, ಮೊಮ್ಮಗು ಬಂದರೆ ನಗುತ್ತಾರೆ; ಅವರಿಗೆ ಯಾವುದೂ ಬೇಕೆನಿಸದಿದ್ದರೂ ಯಾವುದೂ ಭಾರವಲ್ಲ. ಬೆಳಗ್ಗೆ ಏಳಲು ಮನಸ್ಸಿಲ್ಲ, ಮಳೆಯ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ, ಬದುಕೇ ಬೇಡ ಎನಿಸುತ್ತದೆ ಎಂದಾದರೆ ಅದು ವೈರಾಗ್ಯವಲ್ಲ, ಗಾಯ. ಗಾಯಕ್ಕೆ ಮದ್ದು ಬೇಕು. ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರಿಗೆ ತೋರಿಸಿ. ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ದುಃಖದಿಂದ ದಾರಿ ತೆರೆಯುವುದೇ ಇಲ್ಲವೇ ಎಂದರೆ, ತೆರೆಯುತ್ತದೆ. ಗೀತೆ ಶುರುವಾಗುವುದೇ ಅರ್ಜುನನ ವಿಷಾದದಿಂದ. ಆದರೆ ಆ ವಿಷಾದವನ್ನೇ ಜ್ಞಾನ ಎಂದು ಕೃಷ್ಣ ಹೊಗಳಲಿಲ್ಲ.

ಆನೆ ನುಗ್ಗಿ ಬಾಳೆ, ಕಾಫಿ ಎಲ್ಲ ತುಳಿದು ಹಾಕಿತು. ತಿತಿಕ್ಷೆ ಇರಬೇಕಾದರೆ ಪರಿಹಾರಕ್ಕೆ ಅರ್ಜಿ ಹಾಕಬಾರದಾ?

ಖಂಡಿತ ಹಾಕಿ. ಫೋಟೊ ತೆಗೆದಿಟ್ಟುಕೊಂಡೇ ಹಾಕಿ.

ಗೊಂದಲಕ್ಕೆ ಕಾರಣ ಉಂಟು. ಎಲ್ಲ ದುಃಖವನ್ನೂ ಪ್ರತೀಕಾರವಿಲ್ಲದೆ, ಚಿಂತೆ ಮತ್ತು ಗೋಳಾಟವಿಲ್ಲದೆ ಸಹಿಸುವುದೇ ತಿತಿಕ್ಷೆ ಎಂದು ಶಂಕರರ ಹೆಸರಿನಲ್ಲಿರುವ ವಿವೇಕಚೂಡಾಮಣಿಯಲ್ಲಿದೆ. ಇದು ಮುಖ್ಯವಾಗಿ ಸನ್ಯಾಸಿಗೆ ಹೊಂದುವ ಅಳತೆ. ಅವನಿಗೆ ತೋಟವಿಲ್ಲ, ಶನಿವಾರ ಬಟವಾಡೆ ಮಾಡಬೇಕಾದ ಕೂಲಿಯವರಿಲ್ಲ. ಗೃಹಸ್ಥ ಗೀತೆಯನ್ನು ನೋಡಬೇಕು. ಎರಡನೆಯ ಅಧ್ಯಾಯದ 14ನೆಯ ಶ್ಲೋಕದಲ್ಲಿ ಕೃಷ್ಣ ಅರ್ಜುನನಿಗೆ ಸಹಿಸಿಕೋ ಎನ್ನುತ್ತಾನೆ, 18ನೆಯದರಲ್ಲಿ ಯುದ್ಧ ಮಾಡು ಎನ್ನುತ್ತಾನೆ. ನಾಲ್ಕು ಶ್ಲೋಕದ ಅಂತರದಲ್ಲಿ ಎರಡೂ ಮಾತು. ಎಂದರೆ ಸಹನೆಯೂ ಕೆಲಸವೂ ಒಟ್ಟಿಗೆ ಇರಬಲ್ಲವು.

ಬಿಡಬೇಕಾದದ್ದು ಅರ್ಜಿಯನ್ನಲ್ಲ. ಅರ್ಜಿ ಹಾಕಿ ಬಂದಮೇಲೆ ಆರು ತಿಂಗಳು ಸಿಕ್ಕಿದವರಿಗೆಲ್ಲ ಅದೇ ಕಥೆ ಹೇಳುವುದನ್ನು. ಜುಲೈ-ಆಗಸ್ಟಿನ ಕಕ್ಕಡ ಮಾಸದ ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣದೆ ಇದ್ದು ಒಗ್ಗಿದ ಜನಕ್ಕೆ ಮೈಯ ತಿತಿಕ್ಷೆ ಹೊಸತಲ್ಲ. ನಾಲಗೆಯದು ಮಾತ್ರ ಬಾಕಿ.

ಸೈನ್ಯದಲ್ಲಿದ್ದು ನಿವೃತ್ತನಾದವನು ನಾನು. ಈ ಕೈಯಿಂದ ಏನೇನೋ ಆಗಿದೆ. ನನ್ನಂಥವನ ಮನಸ್ಸು ಶುದ್ಧ ಆಗುತ್ತದಾ?

ಗೀತೆಯನ್ನು ಹೇಳಿದ್ದು ಯುದ್ಧಭೂಮಿಯಲ್ಲಿ, ಆಯುಧ ಹಿಡಿಯಬೇಕಾದವನಿಗೆ. ಅದನ್ನು ಇಲ್ಲಿ ಬೇರೆಯಾಗಿ ವಿವರಿಸಬೇಕಿಲ್ಲ. ಕಠೋಪನಿಷತ್ತು ಕೇಳುವುದು ದುಷ್ಟ ನಡತೆಯಿಂದ ಹಿಂದೆ ಸರಿದಿದ್ದೀಯಾ ಎಂದು. ಹಿಂದಿನ ಪುಟ ಬಿಳಿಯಾಗಿದೆಯೇ ಎಂದಲ್ಲ. ಕರ್ತವ್ಯದಲ್ಲಿ ಆದದ್ದನ್ನು ದ್ವೇಷದಿಂದ ಮಾಡಿದ್ದರ ಜೊತೆ ಒಂದೇ ತಕ್ಕಡಿಗೆ ಹಾಕಬೇಡಿ.

ಒಂದು ಮಾತು ಗಮನಿಸಿದ್ದೇನೆ: ಇಲ್ಲಿನ ಮಾಜಿ ಸೈನಿಕರಿಗೆ ದಮ ಬಹಳ ಸಲೀಸು. ಹೊತ್ತಿಗೆ ಸರಿಯಾಗಿ ಏಳುವುದು, ಕೂತಲ್ಲಿ ಅಲುಗದೆ ಕೂರುವುದು, ಹಸಿವು ತಡೆಯುವುದು. ವೇದಾಂತದ ಪುಸ್ತಕ ರಾಶಿ ಹಾಕಿಕೊಂಡವರಿಗೂ ಇದು ಇರುವುದಿಲ್ಲ. ಶಮ ಮಾತ್ರ ಪರೇಡಿನಲ್ಲಿ ಬರುವುದಿಲ್ಲ. ರಾತ್ರಿ ಹಳೆಯ ದೃಶ್ಯಗಳು ಬಂದು ಎಬ್ಬಿಸುತ್ತಿದ್ದರೆ ಒಬ್ಬರೇ ಕೂತು ಅವುಗಳ ಜೊತೆ ಸೆಣಸಬೇಡಿ. ವೈದ್ಯರ ಹತ್ತಿರ, ಜೊತೆಗಿದ್ದ ಗೆಳೆಯರ ಹತ್ತಿರ ಮಾತಾಡಿ. ವಿಚಾರಕ್ಕೆ ಅದರಿಂದ ಅಡ್ಡಿಯಿಲ್ಲ, ಅನುಕೂಲವೇ.

ಐನ್‌ಮನೆಯ ನೆಲ್ಲಕ್ಕಿಯಲ್ಲಿ (ಕುಲದ ಮೂಲಮನೆಯ ನಡುಮನೆಯಲ್ಲಿ) ದೀಪ ಇಡುತ್ತೇವೆ, ಕುಲದ ಮೂಲಪುರುಷ ಗುರುಕಾರೋಣನಿಗೆ ಮೀದಿ (ಎಡೆ) ಇಡುತ್ತೇವೆ, ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುತ್ತೇವೆ. ವಿಚಾರ ಶುರು ಮಾಡಿದ ಮೇಲೆ ಇದೆಲ್ಲ ಬೇಡವಾ?

ಬಿಡುವ ಪ್ರಶ್ನೆಯೇ ಇಲ್ಲ. ಕರ್ಮ ಇರುವುದು ಚಿತ್ತಶುದ್ಧಿಗೆ, ಪರಮಸತ್ಯದ ಅರಿವು ವಿಚಾರದಿಂದಲೇ, ಕೋಟಿ ಕರ್ಮದಿಂದಲೂ ಅಲ್ಲ ಎಂದು ವಿವೇಕಚೂಡಾಮಣಿ ಹೇಳುತ್ತದೆ. ಜನ ಇದರ ಎರಡನೆಯ ಅರ್ಧವನ್ನು ಮಾತ್ರ ಉದ್ಧರಿಸುತ್ತಾರೆ. ಮೊದಲ ಅರ್ಧವೂ ಅಷ್ಟೇ ಗಟ್ಟಿ. ಒಕ್ಕದವರೆಲ್ಲ (ಒಂದೇ ಕುಲದವರೆಲ್ಲ) ಸೇರಿ ಹಿರಿಯರ ಮುಂದೆ ತಲೆಬಾಗುವಾಗ 'ನಾನು' ಎಂಬುದು ಒಂದಿಷ್ಟು ಬಾಗುತ್ತದೆ. ಅದು ಬಾಗದೆ ವಿಚಾರ ಇಲ್ಲ. ರಮಣರ 30 ಪದ್ಯಗಳ ಉಪದೇಶಸಾರವೂ ಫಲದಾಸೆಯಿಲ್ಲದ ಕರ್ಮದಿಂದ ಹೊರಟು ಪೂಜೆ, ಜಪ, ಧ್ಯಾನಗಳನ್ನು ದಾಟಿಯೇ ವಿಚಾರಕ್ಕೆ ಬರುತ್ತದೆ.

ತೀರ್ಥೋದ್ಭವದ ನೂಕುನುಗ್ಗಲಲ್ಲಿ ಪಕ್ಕದವರನ್ನು ತಳ್ಳಿ ಬಿಂದಿಗೆ ತುಂಬಿಕೊಂಡರೆ ಎಷ್ಟು ಚಿತ್ತಶುದ್ಧಿ ಆಯಿತೆಂದು ಅವರವರೇ ಲೆಕ್ಕ ಹಾಕಿಕೊಳ್ಳಲಿ.

ಕುಯಿಲು ಮುಗಿಯಲಿ, ಮಗಳ ಮದುವೆ ಆಗಲಿ, ಆಮೇಲೆ ನಿಶ್ಚಿಂತೆಯಾಗಿ ಕೂರುತ್ತೇನೆ. ಸರಿಯಲ್ಲವಾ?

ಅರೇಬಿಕಾ ಮುಗಿಯುವಾಗ ರೊಬಸ್ಟಾ ಹಣ್ಣಾಗಿರುತ್ತದೆ, ಅದು ಮುಗಿದರೆ ಕರಿಮೆಣಸು. ನಿಶ್ಚಿಂತೆಯ ತಿಂಗಳು ಪಂಚಾಂಗದಲ್ಲಿ ಇಲ್ಲ. ಕೆಲಸದ ದಿನಗಳಲ್ಲಿ ಕರ್ಮಯೋಗ ಸಾಕು: ಬೆಲೆ ಏರಿದಾಗ ಹಾರದೆ, ಇಳಿದಾಗ ಮನೆಯವರ ಮೇಲೆ ಹರಿಹಾಯದೆ ಇರುವುದು. ಓದಿಗೆ, ಕೇಳುವುದಕ್ಕೆ ಕಕ್ಕಡ ಮಾಸ ಹೇಳಿ ಮಾಡಿಸಿದ ಕಾಲ. ಸನ್ಯಾಸಿಗಳು ಗುರುಪೂರ್ಣಿಮೆಯಿಂದ ಚಾತುರ್ಮಾಸ್ಯಕ್ಕೆಂದು ಒಂದೆಡೆ ಕೂರುವುದೂ ಸರಿಸುಮಾರು ಆಗಲೇ.

ಕೂತರೆ ಭಯವಾಗುತ್ತದೆ, ನಾನೇ ಇಲ್ಲ ಅನ್ನಿಸುತ್ತದೆ.

ಒಂದು ಕ್ಷಣ ಬಂದು ಹೋಗುವ ಭಯಕ್ಕೆ ಹೆದರಬೇಕಿಲ್ಲ. ಆದರೆ ಆ ಭಯ ದಿನವಿಡೀ ಹಿಂಬಾಲಿಸಿದರೆ, ಕೈಕಾಲು ತನ್ನದಲ್ಲ ಎನಿಸಿದರೆ, ಧ್ವನಿಗಳು ಕೇಳಿಸಿದರೆ ಅಭ್ಯಾಸ ನಿಲ್ಲಿಸಿ, ವೈದ್ಯರನ್ನು ಕಾಣಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು ವಿಚಾರದ ಹೆಸರಿನಲ್ಲಿ ಅದನ್ನು ಬಿಡಬಾರದು. ಆ ದಿನಗಳಲ್ಲಿ ನಾಮಜಪ, ಭಜನೆ, ತೋಟದ ಕೆಲಸ ಒಳ್ಳೆಯದು.

## ಆಳಕ್ಕೆ ಇಳಿದವರಿಗೆ

ನಾನು ತಯಾರಾಗಿದ್ದೇನೆ ಅಂತ ಗೊತ್ತಾಗುವುದು ಹೇಗೆ?

ಛಾಂದೋಗ್ಯದಲ್ಲಿ ಇಂದ್ರ ಮತ್ತು ವಿರೋಚನರ ಕಥೆ ಇದೆ. ಇಬ್ಬರೂ ಪ್ರಜಾಪತಿಯ ಬಳಿ 32 ವರ್ಷ ಬ್ರಹ್ಮಚರ್ಯದಿಂದ ಇದ್ದರು. ಇಬ್ಬರಿಗೂ ಒಂದೇ ಪಾಠ: ಕಣ್ಣಿನಲ್ಲಿ ಕಾಣುವ ಪುರುಷನೇ ಆತ್ಮ, ಅಲಂಕಾರ ಮಾಡಿಕೊಂಡು ನೀರಿನಲ್ಲಿ ನೋಡಿಕೊಳ್ಳಿ. ವಿರೋಚನ ದೇಹವೇ ಆತ್ಮ ಎಂದುಕೊಂಡು ತೃಪ್ತನಾಗಿ ಹೋಗಿ ಅಸುರರಿಗೆ ಅದನ್ನೇ ಬೋಧಿಸಿದ. ಇಂದ್ರನೂ ಹೊರಟಿದ್ದ. ದೇವತೆಗಳನ್ನು ತಲುಪುವ ಮೊದಲೇ, ದಾರಿಯಲ್ಲಿ, ಅವನಿಗೆ ಅಡ್ಡಿ ಹೊಳೆಯಿತು: ದೇಹ ಕುರುಡಾದರೆ ಈ ಆತ್ಮವೂ ಕುರುಡಾಗುತ್ತದಲ್ಲ? ಶಿಷ್ಯನ ಹಾಗೆ ಸಮಿತ್ತು (ಹೋಮದ ಕಟ್ಟಿಗೆ) ಹಿಡಿದು ವಾಪಸು ಬಂದ. ಮತ್ತೆ 32, ಮತ್ತೆ 32, ಕೊನೆಗೆ 5. ಒಟ್ಟು 101 ವರ್ಷ.

ಇಬ್ಬರ ಶಿಸ್ತು ಒಂದೇ, ಗುರು ಒಬ್ಬನೇ, ಕಾಲವೂ ಒಂದೇ. ವ್ಯತ್ಯಾಸ ಇದ್ದದ್ದು ಒಂದರಲ್ಲಿ: ಅರೆಬರೆ ಉತ್ತರದಲ್ಲಿ ಇಂದ್ರನಿಗೆ ನೆಮ್ಮದಿ ಸಿಗಲಿಲ್ಲ, ಮರಳಿ ಬಂದು ಕೇಳುವುದಕ್ಕೆ ನಾಚಿಕೆಯೂ ಆಗಲಿಲ್ಲ. ತಯಾರಿಯ ಗುರುತು ಎಂದು ನಾನು ಹಿಡಿಯುವುದು ಇದನ್ನು. ಎಷ್ಟು ಹೊತ್ತು ಕೂರುತ್ತೀರಿ, ಯಾವ ಬೆಳಕು ಕಂಡಿತು ಎನ್ನುವುದೆಲ್ಲ ಆಮೇಲಿನ ಮಾತು. ಮನೆಯಲ್ಲಿ ನಿಮ್ಮ ಕೋಪ ಕಡಿಮೆಯಾಗಿದೆಯೇ ಎಂದು ಹೆಂಡತಿಯನ್ನೋ ಗಂಡನನ್ನೋ ಕೇಳಿದರೆ ಇನ್ನೊಂದು ಗುರುತು ಸಿಗುತ್ತದೆ. ಅಲ್ಲಿ ಸುಳ್ಳು ನಡೆಯುವುದಿಲ್ಲ.

ಶಂಕರರು ಮೊದಲು ಯೋಗ್ಯತೆ ಅಂತಾರೆ, ರಮಣರು ಈಗಲೇ ವಿಚಾರ ಮಾಡು ಅಂತಾರೆ. ಯಾರ ಮಾತು ಕೇಳಬೇಕು?

ಇಬ್ಬರದೂ. ಶಂಕರರು ಜ್ಞಾನ ಫಲಿಸಲು ಏನಿರಬೇಕು ಎಂದು ಹೇಳುತ್ತಿದ್ದಾರೆ. ಭಾಷ್ಯದ ಕೆಲಸ ಅದು. ರಮಣರು ಮುಂದೆ ಕೂತಿರುವ ಒಬ್ಬ ಮನುಷ್ಯನಿಗೆ ಉತ್ತರ ಕೊಡುತ್ತಿದ್ದಾರೆ. ಮನಸ್ಸು ಹರಿದಾಡಿದಷ್ಟು ಸಲ ಅದನ್ನು 'ನಾನು' ಎಂಬಲ್ಲಿಗೆ ತಿರುಗಿಸಿದರೆ ಅದೇ ಶಮ, ಅದೇ ಉಪರತಿ ಆಗುತ್ತದೆ. ವಿಚಾರವೇ ವಿಚಾರಕ್ಕೆ ಬೇಕಾದ ಮನಸ್ಸನ್ನು ಹದ ಮಾಡುತ್ತದೆ. ಹಾಗೆಂದು ರಮಣರು ಪಕ್ವತೆಯನ್ನು ಅಲ್ಲಗಳೆದವರಲ್ಲ. ವಿಚಾರ ಹಿಡಿಯದವರಿಗೆ ಶರಣಾಗತಿಯನ್ನು, ಜಪವನ್ನು ಅವರೇ ಹೇಳಿದ್ದುಂಟು.

ತಪ್ಪು ಆಗುವುದು ರಮಣರ ಮಾತನ್ನು ಶಾರ್ಟ್‌ಕಟ್ ಮಾಡಿಕೊಂಡಾಗ. "ಸಿಟ್ಟು ಬಂದದ್ದು ಯಾರಿಗೆ?" ಎಂದು ಕೇಳಿಕೊಂಡು, ಬೈಸಿಕೊಂಡವರ ಕ್ಷಮೆ ಮಾತ್ರ ಕೇಳದೆ ಇರುವವರನ್ನು ಕಂಡಿದ್ದೇನೆ.

ಎಷ್ಟು ಓದಿದರೂ ತಲೆಗೆ ಹತ್ತುವುದಿಲ್ಲ. ವಿಚಾರ ನನ್ನಿಂದ ಆಗದು ಅನ್ನಿಸುತ್ತದೆ.

ನಿಮಗೆಂದೇ ಪಂಚದಶಿ ಎಂಬ ವೇದಾಂತ ಗ್ರಂಥದ ಒಂಬತ್ತನೆಯ ಪ್ರಕರಣ ಇದೆ. ಧ್ಯಾನದೀಪ ಅದರ ಹೆಸರು. ಬುದ್ಧಿ ಮಂದವಾಗಿದ್ದರಿಂದಲೋ, ಗುರು ಮೊದಲಾದ ಅನುಕೂಲ ಒದಗದೆಯೋ ವಿಚಾರ ಸಾಧ್ಯವಾಗದವನು ಬಿಡದೆ ನಿರ್ಗುಣ ಬ್ರಹ್ಮದ ಉಪಾಸನೆ ಮಾಡಲಿ ಎಂದು ಅಲ್ಲಿ ಹೇಳಿದೆ. ಕೇಳಿದ್ದನ್ನು ನಂಬಿ, 'ನಾನು ಅದೇ' ಎಂಬ ಭಾವದಲ್ಲಿ ಮನಸ್ಸನ್ನು ನಿಲ್ಲಿಸುತ್ತಾ ಹೋಗುವುದು. ಅದೂ ಕೊನೆಗೆ ಜ್ಞಾನಕ್ಕೇ ಮುಟ್ಟಿಸುತ್ತದೆ ಎಂಬುದು ಗ್ರಂಥಕಾರರ ಭರವಸೆ. ಬುದ್ಧಿ ಚುರುಕಾಗಿರುವವರು ಇದನ್ನು ಕೀಳೆಂದು ನೋಡುವುದು ಸಾಮಾನ್ಯ. ಚುರುಕು ಬುದ್ಧಿ ವಾದಕ್ಕೆ ಹೋಗಿ ಕೆಟ್ಟದ್ದೇ ಹೆಚ್ಚು.

ಆತ್ಮ ಯಾವಾಗಲೂ ಶುದ್ಧ ಅಂದಮೇಲೆ ಈ ಯೋಗ್ಯತೆ ಯಾರಿಗೆ?

ಮನಸ್ಸಿಗೆ. ಅಜ್ಞಾನ ತೊಲಗಬೇಕಾದದ್ದೂ ಮನಸ್ಸಿನಲ್ಲಿ ಮೂಡುವ ಅರಿವಿನಿಂದಲೇ. ಆತ್ಮಕ್ಕೆ ಸಾಧನೆಯಿಲ್ಲ ಎನ್ನುವುದು ನಿಜ. ಆದರೆ ಹಲ್ಲುನೋವು ಬಂದಾಗ ಆ ಮಾತು ನೆನಪಿಗೆ ಬಾರದವರು ಸಾಧನೆಯ ಮಾತು ಬಂದಾಗ ಮಾತ್ರ ಅದನ್ನು ನೆನೆಯಬಾರದು.

ಒಂದು ಸಲ ಎಲ್ಲ ಸ್ಪಷ್ಟವಾಗಿ ಹೊಳೆಯಿತು. ಸಂಶಯವೇ ಉಳಿಯಲಿಲ್ಲ. ಆದರೆ ಹಳೆಯ ಸಿಟ್ಟು, ಹೊಟ್ಟೆಕಿಚ್ಚು ಎಲ್ಲ ಹಾಗೇ ಇದೆ. ಆ ಹೊಳಹು ಸುಳ್ಳಾ?

ಸುಳ್ಳು ಎನ್ನಬೇಕಾಗಿಲ್ಲ. ಜೀವನ್ಮುಕ್ತಿವಿವೇಕ ಎಂಬ ಗ್ರಂಥದಲ್ಲಿ ವಿದ್ಯಾರಣ್ಯರು ಇದೇ ತೊಡಕನ್ನು ಎತ್ತಿಕೊಂಡಿದ್ದಾರೆ. ಉಪಾಸನೆಯನ್ನು ಪೂರ್ತಿ ಮಾಡಿ ಜ್ಞಾನಕ್ಕೆ ಬಂದವನು ಕೃತೋಪಾಸ್ತಿ. ಅದಿಲ್ಲದೆ ಕುತೂಹಲದಿಂದ ನೇರ ವಿಚಾರಕ್ಕೆ ನುಗ್ಗಿದವನು ಅಕೃತೋಪಾಸ್ತಿ. ತಮ್ಮ ಕಾಲದವರು ಹೆಚ್ಚಾಗಿ ಎರಡನೆಯ ಬಗೆಯವರು ಎಂದು ಹದಿನಾಲ್ಕನೆಯ ಶತಮಾನದಲ್ಲೇ ಅವರು ಬರೆದರು. ನಮ್ಮ ಕಾಲದ ಮಾತು ಬೇರೆ ಹೇಳಬೇಕೇ? ಮೊದಲನೆಯವನಿಗೆ ಜ್ಞಾನದ ಜೊತೆಗೇ ವಾಸನೆಗಳು, ಎಂದರೆ ಮನಸ್ಸಿನ ಹಳೆಯ ಸಂಸ್ಕಾರಗಳು, ಸಡಿಲುತ್ತವೆ. ಎರಡನೆಯವನಿಗೆ ಜ್ಞಾನ ಬಂದಮೇಲೂ ವಾಸನೆಗಳನ್ನು ಸವೆಸುವ ವಾಸನಾಕ್ಷಯ, ಮನಸ್ಸಿನ ಹರಿದಾಟ ಅಡಗಿಸುವ ಮನೋನಾಶ ಎಂಬ ಎರಡು ಕೆಲಸ ಉಳಿದಿರುತ್ತವೆ. ಮುಂಚೆ ಮಾಡದ ತಯಾರಿಯನ್ನು ಆಮೇಲೆ ಮಾಡಬೇಕು, ಅಷ್ಟೆ.

ಇದಕ್ಕೆ ಅವರು ಕೊಡುವ ಉದಾಹರಣೆ ಸಾಮಾನ್ಯ ಸಾಧಕನದಲ್ಲ, ಸ್ವತಃ ಯಾಜ್ಞವಲ್ಕ್ಯನದು. ಜನಕನ ಸಭೆಯಲ್ಲಿ ವಾದ ಶುರುವಾಗುವ ಮೊದಲೇ ಸಾವಿರ ಹಸುಗಳನ್ನು ಮನೆಗೆ ಹೊಡೆಸಿದವನು, ವಾದದಲ್ಲಿ ಸೋತ ಶಾಕಲ್ಯನೆಂಬ ಪಂಡಿತನ ತಲೆ ಉರುಳುವಷ್ಟು ಕಟುವಾಗಿ ನಡೆದುಕೊಂಡವನು. ಅವನಿಗೆ ತತ್ತ್ವ ತಿಳಿದಿತ್ತು ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ವಿದ್ಯೆಯ ಮದ ಮಾತ್ರ ಉಳಿದಿತ್ತು ಎನ್ನುತ್ತಾರೆ ವಿದ್ಯಾರಣ್ಯರು. ಆ ಶೇಷವನ್ನು ಕಳೆದುಕೊಳ್ಳಲೆಂದೇ ಅವನು ಆಸ್ತಿಯನ್ನು ಹೆಂಡತಿಯರಾದ ಮೈತ್ರೇಯಿ, ಕಾತ್ಯಾಯನಿಯರಿಗೆ ಹಂಚಲು ಹೊರಟು, ಮನೆ ಬಿಟ್ಟು ಸನ್ಯಾಸಕ್ಕೆ ನಡೆದದ್ದು.